ಬ್ಯಾರನ್ನಿಗೆ ಹೊತ್ತ ಜಿಂಕೆ ಬಾಡು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಬಾಡು ಒಣಗಿಸುವುದು ಅಕ್ಕನ ಕೆಲಸ, ಅದನ್ನು ಕದ್ದು ತಿನ್ನುವುದು ನನ್ನ ಕೆಲಸ. ರಾಮನಾಥಪುರದ ಹತ್ತಿರ ನಮ್ಮದು ಹೊಗೆಸೊಪ್ಪಿನ ಹೊಲ. ಒಂದು ಮಳೆಗಾಲದಲ್ಲಿ ನಾಯಿಗಳು ಅಟ್ಟಿಸಿಕೊಂಡು ಬಂದ ಜಿಂಕೆಯೊಂದು ನಮ್ಮ ಬೇಲಿಗೆ ಸಿಕ್ಕಿ ಸತ್ತಿತು. ಸರ್ಕಾರಕ್ಕೆ ತಿಳಿಸಬೇಕಿತ್ತು. ಅಪ್ಪ ತಿಳಿಸಲಿಲ್ಲ. ಊರಿನವರಿಗೆ ಪಾಲು ಹಾಕಿ, ನಮ್ಮ ಪಾಲನ್ನು ಮನೆಗೆ ತಂದ.

ಅಕ್ಕ ಅದನ್ನು ಉದ್ದುದ್ದ ಸೀಳಿ, ಉಪ್ಪು, ಅರಿಶಿನ, ಖಾರದ ಪುಡಿ ಸವರಿ ದಾರಕ್ಕೆ ಪೋಣಿಸಿದಳು. ಆದರೆ ಬಿಸಿಲೇ ಇಲ್ಲ, ಬಾಡು ವಾಸನೆ ಹಿಡಿಯತೊಡಗಿತು. ಆಗ ಅವಳಿಗೆ ಹೊಳೆದದ್ದು ಬ್ಯಾರನ್ನು. ಅದು ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ. ಒಲೆ ಹೊರಗೆ, ಕಾವು ಒಳಗೆ. ಒಳಗಿನ ಥರ್ಮಾಮೀಟರಿನಲ್ಲಿ ಕಾವು ಎಷ್ಟಿದೆ ಎಂದು ಇಣುಕಿ ನೋಡಲು ಗೋಡೆಯಲ್ಲಿ ಅಂಗೈಯಗಲದ ಗಾಜು ಇರುತ್ತಿತ್ತು. ಪೂಜೆ ಮಾಡಿಯೇ ಅದಕ್ಕೆ ಬೆಂಕಿ ಹಾಕುತ್ತಿದ್ದರು. ಆ ದಿನ ಸೊಪ್ಪು ತುಂಬಿ ಬೆಂಕಿ ಹಾಕಿಯಾಗಿತ್ತು.

“ಅಪ್ಪಂಗೆ ಯೋಳ್ಬ್ಯಾಡ ಕಣೆ. ಬ್ಯಾರನ್ಗೆ ಬಾಡು ತಂದ್ರೆ ಮೈಲಿಗೆ ಅಂತಾನೆ,” ಅಂದಳು ಅಕ್ಕ.

ಬಾಡಿನ ಸರಗಳನ್ನೆಲ್ಲ ಕೊರಳಿಗೆ ಹಾಕಿಕೊಂಡು ನಾನು ಒಳಗೆ ನುಗ್ಗಿದೆ. ಬಾಗಿಲಲ್ಲಿ ಕಾವಲಿದ್ದ ಅಕ್ಕ ದೂರದಲ್ಲಿ ಖಾಕಿ ಅಂಗಿ ಕಂಡವಳೇ ಹೆದರಿ ಓಡಿಹೋದಳು. ಅಷ್ಟರಲ್ಲಿ ಅಪ್ಪನ ದನಿ ಕೇಳಿತು. “ಯಾರ್ಲಾ ಬಾಗ್ಲು ತೆಗ್ದೋರು? ಕಾವೆಲ್ಲ ಓಯ್ತು!” ಬಾಗಿಲು ಮುಚ್ಚಿತು, ಚಿಲಕ ಬಿತ್ತು.

ಕೂಗಲು ಬಾಯಿ ತೆರೆದೆ. ಆಗ ಫಾರೆಸ್ಟ್ ಗಾರ್ಡಿನ ಮಾತು ಕೇಳಿಸಿತು.

“ಜಿಂಕೆ ಬಾಡು ನಿಮ್ಮನೇಲೈತಂತೆ, ಯಜಮಾನ್ರೆ?”

“ಏನೂ ಇಲ್ಲ ಸಾ. ಬೇಕಾರೆ ನೋಡ್ಕಳಿ.”

ನನ್ನ ಬಾಯಿ ಮುಚ್ಚಿತು. ಕೂಗಿದರೆ ಅಪ್ಪ ಜೈಲಿಗೆ, ಸುಮ್ಮನಿದ್ದರೆ ನಾನು ಸೊಪ್ಪಿನ ಜೊತೆ ಬೇಯುತ್ತೇನೆ. ಕತ್ತಲು, ಹಸಿ ಸೊಪ್ಪಿನ ಘಾಟು, ಉಸಿರೆಳೆದರೆ ಎದೆಯೆಲ್ಲ ಬಿಸಿ. ಬೆವರಿಗೆ ಖಾರ ಇಳಿದು ಕೊರಳು ಉರಿಯುತ್ತಿತ್ತು. ತುಂಬಾ ಭಯವಾಯಿತು. ಸದ್ದಿಲ್ಲದೆ ಅಳುತ್ತ, ಬೆಳಕಿದ್ದ ಆ ಗಾಜಿಗೆ ಮುಖ ಒತ್ತಿದೆ.

ಕಾವು ನೋಡಲು ಅಪ್ಪ ಬಗ್ಗಿದ. ಅವನಿಗೆ ನನ್ನ ಕಣ್ಣು ಕಂಡಿತು. ಬೇಡ, ತೆಗೆಯಬೇಡ ಎಂದು ನಾನು ತಲೆಯಾಡಿಸಿದೆ.

ಅಪ್ಪ ಗಾರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ಚಿಲಕ ತೆಗೆದು ಬಾಗಿಲು ಎಳೆದ. ಬಾಡಿನ ಸರ ಹಾಕಿಕೊಂಡೇ ನಾನು ಗಾರ್ಡಿನ ಬೂಟಿನ ಮೇಲೆ ಬಿದ್ದೆ. ಬಾಡಿನ ಸಮೇತ ಅಪ್ಪನನ್ನು ಅರಕಲಗೂಡಿನ ಫಾರೆಸ್ಟ್ ಆಫೀಸಿಗೆ ಕರೆದುಕೊಂಡು ಹೋದರು.

ಮೂರು ದಿನ ಬಿಟ್ಟು ಬಂದ ಅಪ್ಪ ನನ್ನ ಕೊರಳಿಗೆ ಬೆಣ್ಣೆ ಸವರುತ್ತ ಕೇಳಿದ್ದು ಒಂದೇ. “ಯಾಕ್ ಮಗಾ ಕೂಗ್ಲಿಲ್ಲ?”

“ನಿನ್ನ ಇಡ್ಕೊಂಡ್ ಓಯ್ತಾರೆ ಅಂತ.”

“ಓಯ್ಲಿ ಬುಡು. ನಾನು ವಾಪಸ್ ಬತ್ತೀನಿ. ನೀನು ಬತ್ತಿದ್ಯಾ?”

ಮೊಮ್ಮಕ್ಕಳೇ, ಈಗ ನಾನು ಅಂಗಡಿಯ ಕುರಿ ಬಾಡನ್ನು ತಾರಸಿಯ ಮೇಲೆ ಒಣಗಿಸುತ್ತೇನೆ, ನೀವು ಕದ್ದು ತಿನ್ನುತ್ತೀರಿ. ಮೊನ್ನೆ ಹಾಸನದ ಮನೆಯಲ್ಲಿ ಬಚ್ಚಲ ಚಿಲಕ ಸಿಕ್ಕಿಕೊಂಡಾಗ ಬೀದಿಗೆಲ್ಲ ಕೇಳುವಂತೆ ಕಿರುಚಿದಿರಿ. ನಿಮ್ಮಮ್ಮ ಬೈದಳು, ನಾನು ಬೈಯಲಿಲ್ಲ. ಕೊರಳಲ್ಲಿ ಏನೇ ಇರಲಿ, ಹೊರಗೆ ಯಾರೇ ನಿಂತಿರಲಿ, ಹಾಗೇ ಕೂಗಿ.