ಹಾಸಿಗೆಯಿಂದ ಬಾತಿಗೆ, ಮಾರ್ಗ: ಬಚ್ಚಲು

ನಿವೃತ್ತಿಯಾಗಿ ಆರು ವರ್ಷ ಕಳೆದರೂ ಕೊಟ್ರಪ್ಪನವರು ಕಂಡಕ್ಟರ್ ಸೀಟಿಯನ್ನು ಕೊರಳಿಂದ ಇಳಿಸಿರಲಿಲ್ಲ. ಒಂದು ಸಲ ಊದಿದರೆ ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಈ ಕಾನೂನು ಅವರ ಹೆಂಡತಿಗೆ, ಹಾಲಿನವನಿಗೆ, ಪಿ.ಜೆ. ಬಡಾವಣೆಯ ನಾಯಿಗಳಿಗೂ ಗೊತ್ತಿತ್ತು. ಪಕ್ಕದ ಮನೆಯ ನನಗೆ ಮಾತ್ರ ತಡವಾಗಿ ಅನ್ವಯವಾಯಿತು.

ಆ ವರ್ಷ ನನಗೆ ಖಿನ್ನತೆ ಹಿಡಿದಿತ್ತು. ಶಾಲೆಗೆ ರಜೆ ಹಾಕಿ ಗೋಡೆ ನೋಡುತ್ತ ಮಲಗಿರುತ್ತಿದ್ದೆ. ಡಾಕ್ಟರು ಗುಳಿಗೆ ಬರೆದುಕೊಟ್ಟು, ದಿನಾ ನಡೆಯಿರಿ ಎಂದಿದ್ದರು. ಎದ್ದು ಕೂರಲಾಗದವನು ನಡೆಯುವುದೆಲ್ಲಿಂದ ಬಂತು? ನನ್ನ ಹೆಂಡತಿ ಕೊಟ್ರಪ್ಪನವರ ಬಳಿ ಹೇಳಿಕೊಂಡಳು. ಮರುದಿನ ಬೆಳಿಗ್ಗೆಯೇ ಅವರು ನನ್ನ ಕಿಟಕಿಯಲ್ಲಿ ಹಾಜರು. ಮೊದಲು ಗುಳಿಗೆ ನುಂಗಿದೆನೋ ಇಲ್ಲವೋ ಎಂದು ಟಿಕೆಟ್ ಕೇಳುವ ಹಾಗೆಯೇ ಕೇಳಿದರು. ಆಮೇಲೆ ಸ್ಟೇಜುಗಳನ್ನು ಸಾರಿದರು. ಮಂಚದಿಂದ ಬಚ್ಚಲು ಒಂದನೇ ಸ್ಟೇಜು, ಗೇಟು ಎರಡನೆಯದು, ಹೂವಿನ ಅಂಗಡಿ ಮೂರು. ಕಡೇ ಸ್ಟೇಜು ಊರಾಚೆಯ ಹಳ್ಳಿ ಬಾತಿ.

"ಇವತ್ತು ಬಚ್ಚಲ ತನಕ ಅಷ್ಟೇ ರೀ, ಮೇಷ್ಟ್ರೇ. ಬಾತಿ ಎಲ್ಲಿಗೂ ಓಡಿ ಹೋಗಂಗಿಲ್ಲ."

ಎರಡು ಸೀಟಿ ಊದಿದರು. ಬೀದಿಯವರೆಲ್ಲ ನೋಡುತ್ತಾರೆಂಬ ನಾಚಿಕೆಗೆ ಎದ್ದೆ. ಹನ್ನೊಂದು ದಿನ ನನ್ನ ಬಸ್ಸು ಬಚ್ಚಲಲ್ಲೇ ಕೆಟ್ಟು ನಿಂತಿತ್ತು. ಅವರು ಒಂದು ದಿನವೂ ಬೈಯಲಿಲ್ಲ.

ಮೂರು ತಿಂಗಳಿಗೆ ಇಬ್ಬರೂ ಬಾತಿ ಮುಟ್ಟಿದೆವು. ವಾಪಸ್ಸು ಬರಲು ನಿಂತಿದ್ದ ಬಸ್ಸಿಗೆ ಹತ್ತಿದರೆ, ಒಳಗಿನ ಜನ ಕಂಡು ನಾನು ಬಾಗಿಲಲ್ಲೇ ಗರಬಡಿದವನಂತೆ ನಿಂತೆ. ಹಿಂದಿನಿಂದ ಕೊಟ್ರಪ್ಪನವರು ರೂಢಿಯಂತೆ ಎರಡು ಸೀಟಿ ಊದಿಬಿಟ್ಟರು. ಬಸ್ಸು ಹೊರಟೇಹೋಯಿತು. ಅದರ ನಿಜವಾದ ಕಂಡಕ್ಟರು ಚಹಾದ ಲೋಟ ಹಿಡಿದು ಹಿಂದೆ ಓಡಿ ಬರುತ್ತಿದ್ದ. ಎಷ್ಟೋ ತಿಂಗಳ ಮೇಲೆ ನಾನು ನಕ್ಕಿದ್ದು ಅಂದು. ಕೊಟ್ರಪ್ಪನವರು ಒಂದು ಸೀಟಿಯಲ್ಲಿ ಬಸ್ಸು ನಿಲ್ಲಿಸಿ, ಆತನ ಮುಂದೆ ಕಿವಿ ಹಿಡಿದುಕೊಂಡರು.

ಕಳೆದ ವರ್ಷ ಅವರ ಹೆಂಡತಿ ತೀರಿಕೊಂಡರು. ಮಗಳು ಅವರನ್ನು ಹರಿಹರಕ್ಕೆ ಕರೆದೊಯ್ದಳು. ಡಾಕ್ಟರಿಗೆ ತೋರಿಸಿದ್ದಾಯಿತು, ಆದರೂ ಅಪ್ಪ ಏಳುತ್ತಲೇ ಇಲ್ಲ ಎಂದು ಅವಳು ಫೋನ್ ಮಾಡಿದ ದಿನವೇ ಹೊರಟೆ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮೊಳೆಗೆ ನೇತುಹಾಕಿದ್ದ ಸೀಟಿ ತೆಗೆದು ಎರಡು ಸಲ ಊದಿದೆ.

"ಪ್ಯಾಸೆಂಜರ್ ಇನ್ನೂ ಹತ್ತಿಲ್ಲ," ಎಂದರು, ತಿರುಗದೆ. "ಯಾಕ ಅವಸರ ಮಾಡ್ತೀರಿ? ಮೊದ್ಲು ನಿಲ್ಸೋ ಸೀಟಿ ಕೊಡ್ರಿ."

ಒಂದೇ ಸೀಟಿ ಊದಿ, ಮಂಚದ ಅಂಚಿನಲ್ಲಿ ಕುಳಿತೆ. ಮಧ್ಯಾಹ್ನದವರೆಗೂ ಕುಳಿತೇ ಇದ್ದೆ. ಆಗ ಅವರ ಒಂದು ಕಾಲು ನೆಲಕ್ಕಿಳಿಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಬಚ್ಚಲ ತನಕ ಅಷ್ಟೇ ಎಂದರು. ಸೀಟಿ ಬಾಯಿಗಿಟ್ಟೆ, ಊದಲಾಗಲಿಲ್ಲ. ಅವರು ಕಾದರು, ಕಾದರು. ಕೊನೆಗೆ ಅವರೇ ಬಾಯಲ್ಲಿ "ರೈಟ್, ರೈಟ್" ಎಂದು ಎದ್ದು ನಿಂತರು.