ಏಳನೆಯ ಚಾಕು

ನಾಲೆಯಿಂದ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಕುಳ್ಳಯ್ಯನ ಸುದ್ದಿ ದ್ಯಾವಮ್ಮನ ಕಿವಿಗೆ ಮೊದಲು ಬಿದ್ದದ್ದು ತೊಂಬತ್ತಾರನೇ ಇಸವಿಯಲ್ಲಿ, ಪಾಂಡವಪುರದ ಸಂತೆಯಲ್ಲಿ ಅವಳು ಕುಡುಗೋಲು, ಚಾಕು ಹರಡಿಕೊಂಡು ಕೂತಿದ್ದಾಗ. ಹೇಳಿದವಳು ಅವನ ಹೆಂಡತಿ. "ನಮ್ಮೆಜಮಾನ್ರು ಬತ್ತಾರೆ ಕಣಕ್ಕ, ಒಂದು ಮಡಚೋ ಚಾಕು ಕೊಟ್ಟು ಕಳ್ಸು. ನಾಲೆ ತೂಬು ಮುಚ್ಚಿದ್ನೋ ಇಲ್ವೋ ಅಂತ ಯಾವಾಗ್ಲೂ ದಿಗಿಲು. ಕೈ ಸುಮ್ಕಿರಾಕಿಲ್ಲ, ಟ್ರಂಕಿನ ಚಿಲಕ ತೆಗ್ದು ಮುಚ್ಚಿ ತೆಗ್ದು ಮುಚ್ಚಿ ಮುರ್ದಾಕ್ಬುಟ್ರು. ಚಾಕುನಾದ್ರೆ ಎಷ್ಟು ಬೇಕಾದ್ರೂ ಬಿಚ್ಚಿ ಮಡಚ್ಲಿ." ಬಂದ ಕುಳ್ಳಯ್ಯ ಅಲಗಿನ ಹರಿತ ನೋಡಲೇ ಇಲ್ಲ. ಒಂದೊಂದೇ ಚಾಕು ಬಿಚ್ಚಿ, ಮಡಚಿ, ಕಿವಿಗೆ ಹಿಡಿದ. "ತೂಬಿನ ಗೇಟು ಕೂತಂಗೆ ಟಪ್ ಅನ್ಬೇಕವ್ವ, ಆಗ ಜೀವಕ್ಕೆ ನೆಮ್ದಿ." "ಹೆಣ್ಣು ನೋಡಕ್ಕೋದಾಗ್ಲೂ ಇಷ್ಟು ಆರಿಸ್ಲಿಲ್ವೇನೋ ನೀನು!" ಎಂದು ದ್ಯಾವಮ್ಮ ರೇಗಿಸಿದರೂ ಅವನು ನಗಲಿಲ್ಲ. ಕೊಂಡದ್ದನ್ನು ಮುಂದಿನ ಸಂತೆಗೆ ತಂದು, "ಇದೂ ಮೂಕವೇ ಕಣವ್ವ" ಎಂದು ಬದಲಿಸಿಕೊಳ್ಳುವನು. ಹೀಗೆ ಏಳು ವಾರ, ಏಳು ಚಾಕು. ಏಳನೆಯದರ ಸ್ಪ್ರಿಂಗು ಎಷ್ಟು ಬಿಗಿಯೆಂದರೆ, ಮಡಚಿದ ಸದ್ದಿಗೆ ಪಕ್ಕದ ಬಳೆಯವಳು ಬೆಚ್ಚಿ ತಿರುಗಿದಳು. ಕುಳ್ಳಯ್ಯ ಮಾತ್ರ ಅದನ್ನು ಕಿವಿಗೆ ಒತ್ತಿಕೊಂಡು ಇನ್ನೂ ಕಾಯುತ್ತಿದ್ದ. ದ್ಯಾವಮ್ಮನಿಗೆ ಆಗ ಹೊಳೆಯಿತು. ನೀರಿನಡಿ ಕಾಣದ ಗೇಟು ಪೂರಾ ಕೂತಿದೆಯೆಂದು ಇಷ್ಟು ವರ್ಷ ಇವನಿಗೆ ಹೇಳುತ್ತಿದ್ದದ್ದು ಆ ಸದ್ದೊಂದೇ. ಒಂದು ದಿನ ತಪ್ಪಿದರೆ ಕೆಳಗಿನ ಗದ್ದೆಗಳ ನಾಟಿಯೆಲ್ಲ ಕೊಚ್ಚಿಹೋಗುತ್ತದೆ. "ಡಾಕ್ಟ್ರಿಗೆ ಕಿವಿ ತೋರ್ಸು ಕಣ್ಲಾ, ಕುಳ್ಳಯ್ಯ!" ಎಂದು ಕೂಗಿದಳು. ಅವನು ಅವಳ ತುಟಿಗಳನ್ನೇ ನೋಡಿದ. ಆಮೇಲೆ ಚಾಕು ಬಿಚ್ಚಿ ಅವಳ ಮುಂದಿಟ್ಟ. ಅವನು ಅವಳನ್ನು ಕೇಳಿದ್ದು ಇಷ್ಟೇ: "ನೀನು ಮಡಚವ್ವ. ಸದ್ದು ಬಂದ್ರೆ ತಲೆ ಆಡ್ಸು."