ಹಾಡುಹಗಲಿನ ದಫನ್

ನಮ್ಮ ಬೀದಿಯ ಝುಮ್ರಾ ಸಿಗರೇಟು ಕಾರ್ಖಾನೆಯಲ್ಲಿ ಪ್ಯಾಕೆಟ್ ತುಂಬುವವಳು. ಸರಾಯೆವೊ ಮುತ್ತಿಗೆಯ ಎರಡನೆಯ ವರ್ಷದಲ್ಲೂ ಕಾರ್ಖಾನೆ ನಿಂತಿರಲಿಲ್ಲ. ಸಂಬಳವನ್ನು ಸಿಗರೇಟಿನಲ್ಲೇ ಕೊಡುತ್ತಿದ್ದರು. ಕೆಲಸಕ್ಕೆ ಹೋಗಬೇಕಾದರೆ ಬೆಟ್ಟದ ಮೇಲೆ ಕೂತ ಶತ್ರುಗಳ ಬಂದೂಕುಗಳಿಗೆ ಕಾಣುವ ಒಂದು ಚೌಕವನ್ನು ಓಡಿ ದಾಟಬೇಕು. ಈ ಬದಿಯ ಗೋಡೆಯ ಮರೆಯಲ್ಲಿ ಪರದೇಶದ ಕ್ಯಾಮೆರಾದವರು ಕೂತು, ಯಾರಿಗಾದರೂ ಗುಂಡು ತಗಲುವುದನ್ನೇ ಕಾಯುತ್ತಿದ್ದರು. ಝುಮ್ರಾ ಅವರ ಮುಂದೆಯೇ ನಿಂತು ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು.

"ಏನೇ ಇದು, ಮದುವೆಗೆ ಹೊರಟ್ಯಾ?" ಎಂದು ಜೊತೆಯ ಹೆಂಗಸರು ಕೇಳುತ್ತಿದ್ದರು.

"ಸತ್ರೆ ಇವರ ಪೇಪರಲ್ಲಿ ಬರ್ತೀನಲ್ಲಮ್ಮಾ. ಪ್ಯಾರಿಸ್‌ನವರು ನೋಡಿ ಮುಖ ಸಿಂಡರಿಸಬಾರದು."

ಗುಂಡು ಅವಳಿಗೆ ತಗಲಲಿಲ್ಲ. ಮಗ ಎಸಾದ್ ನೀರಿನ ಸಾಲಿನಲ್ಲಿ ನಿಂತಿದ್ದಾಗ ಶೆಲ್ ಬಿತ್ತು. ಅವನ ಹೆಣವನ್ನು ಕಂಬಳಿಯಲ್ಲಿ ಸುತ್ತಿ ತಂದರು. ಮೆಟ್ಟಿಲ ಮೇಲೆಲ್ಲ ರಕ್ತ ತೊಟ್ಟಿಕ್ಕಿತು. ಝುಮ್ರಾ ಮೊದಲು ಮೆಟ್ಟಿಲು ತೊಳೆಯಲು ಹೋದಳು. ಮನೆಯಲ್ಲಿ ನೀರಿರಲಿಲ್ಲ.

ಹಗಲಿನಲ್ಲಿ ಸ್ಮಶಾನದಲ್ಲಿ ಜನ ಸೇರಿದರೆ ಬೆಟ್ಟದವರು ಹೊಡೆಯುತ್ತಾರೆಂದು ಆಗೆಲ್ಲ ಮುಸ್ಸಂಜೆಯಲ್ಲೇ ಹೂಳುತ್ತಿದ್ದರು. ನಮ್ಮ ಹೆಂಗಸರು ಗೋರಿಯ ಬಳಿ ಹೋಗುವುದಿಲ್ಲ, ಮನೆಯಲ್ಲೇ ಪ್ರಾರ್ಥಿಸುತ್ತಾರೆ. ಇಮಾಮರು ಹಾಗೆಯೇ ಏರ್ಪಾಡು ಮಾಡುತ್ತಿದ್ದಾಗ ಫಿಕ್ರೆತ್ ಬಂದ. ಅವನು ನಮ್ಮ ಸೈನ್ಯದ ಪ್ರಚಾರ ನೋಡಿಕೊಳ್ಳುವವನು.

"ಅಕ್ಕಾ, ನಾಳೆ ಮಧ್ಯಾಹ್ನ ಮಾಡೋಣ. ಟಿವಿಯವರು ಬರ್ತಾರೆ, ಸಂಜೆ ಅವರಿಗೆ ಬೆಳಕು ಸಾಲಲ್ಲ. ನೀವೂ ಬರಬೇಕು. ತಾಯಿ ಕಾಣದೆ ಇದ್ರೆ ಯಾರು ನೋಡ್ತಾರೆ?"

"ಅಂಥಾ ಪದ್ಧತಿ ನಮ್ಮಲ್ಲಿಲ್ಲ ಕಣೋ," ಎಂದರು ಇಮಾಮರು.

"ಪದ್ಧತಿ ಪ್ರಕಾರ ಸಾಯ್ತಾ ಇದ್ದೀವಾ, ಇಮಾಮರೇ? ಪ್ರಪಂಚ ಕಣ್ಣಾರೆ ನೋಡಿದ್ರೆ ಆ ಫಿರಂಗಿಗಳು ನಿಲ್ತವೆ."

ಝುಮ್ರಾಳ ತಮ್ಮ ರಾಸಿಮ್ ಅವಳ ಕೈ ಹಿಡಿದುಕೊಂಡ. "ಬೇಡ ಅಕ್ಕ. ಬೆಟ್ಟದಿಂದ ಆ ಜಾಗ ಅಂಗೈ ಥರ ಕಾಣುತ್ತೆ."

ಅವಳು ಮೂಲೆಯಲ್ಲಿ ಕೂತಿದ್ದ ಮಗಳ, ಎಸಾದ್‌ನ ತಂಗಿಯ ಕಡೆ ನೋಡಿದಳು. "ಇವಳೂ ನಾಳೆ ಅದೇ ನೀರಿನ ಸಾಲಿಗೆ ಹೋಗ್ಬೇಕಲ್ಲೋ, ರಾಸಿಮ್. ನೋಡಲಿ. ನೋಡಿ ನಿಲ್ಲಿಸಲಿ."

ಮರುದಿನ ಸ್ಮಶಾನದಲ್ಲಿ ಬಿಸಿಲು ಚೆನ್ನಾಗಿತ್ತು. "ಸ್ವಲ್ಪ ಮುಂದೆ ಬರಬೇಕಂತೆ, ಮುಖ ಎತ್ತಬೇಕಂತೆ," ಎಂದು ಫಿಕ್ರೆತ್ ಕ್ಯಾಮೆರಾದವನ ಮಾತನ್ನು ದಾಟಿಸುತ್ತಿದ್ದ. ಮೊದಲ ಶೆಲ್ ಗೋಡೆಯಾಚೆ ಬಿತ್ತು. ಎರಡನೆಯದು ಜನರ ನಡುವೆಯೇ ಬಿತ್ತು. ಝುಮ್ರಾ ಗುಂಡಿಯೊಳಕ್ಕೆ, ಮಗನ ಹೆಣದ ಮೇಲೆ ಉರುಳಿದಳು. ಅವಳನ್ನು ಎಳೆಯಲು ಬಗ್ಗಿದ ರಾಸಿಮನ ಹೊಟ್ಟೆ ಹರಿದು ಕರುಳು ಅವಳ ತೋಳಿನ ಮೇಲೆ ಬಿತ್ತು. ಕ್ಯಾಮೆರಾದವನು ನೆಲಕ್ಕೆ ಬಿದ್ದುಕೊಂಡಿದ್ದ; ಕ್ಯಾಮೆರಾ ಮಾತ್ರ ಅವಳ ಮುಖವನ್ನು ಬಿಡಲಿಲ್ಲ.

ಆ ಮುಖವನ್ನು ಪ್ರಪಂಚವೆಲ್ಲ ನೋಡಿತು. ಫಿರಂಗಿಗಳು ನಿಲ್ಲಲಿಲ್ಲ. ಬೆಟ್ಟದವರ ಟಿವಿ ಅದೇ ದೃಶ್ಯ ತೋರಿಸಿ, ಕ್ಯಾಮೆರಾಕ್ಕಾಗಿ ಇವರೇ ತಮ್ಮವರ ಮೇಲೆ ಶೆಲ್ ಹಾಕಿಕೊಂಡರು ಎಂದಿತು. ಫಿಕ್ರೆತ್ ಆ ಚಿತ್ರವನ್ನೇ ಪೋಸ್ಟರ್ ಮಾಡಿ ಬೀದಿಬೀದಿಯಲ್ಲಿ ಅಂಟಿಸಿದ. ಝುಮ್ರಾ ಕಾರ್ಖಾನೆಯ ಗೋಡೆಯ ಪೋಸ್ಟರಿನ ಮುಂದೆ ಅವನನ್ನು ನಿಲ್ಲಿಸಿ ಕೇಳಿದಳು.

"ಇಲ್ಲಿ ನನ್ನ ತಮ್ಮ ಇದ್ದ. ಎಲ್ಲಿ ಅವನು?"

"ಕತ್ತರಿಸಿದ್ವಿ ಅಕ್ಕ. ಕರುಳೆಲ್ಲ ಕಂಡ್ರೆ ಜನ ಮುಖ ತಿರುಗಿಸ್ತಾರೆ."

ರಾಸಿಮ್ ಆಸ್ಪತ್ರೆಯಲ್ಲಿ ಒಂದು ವಾರ ಒದ್ದಾಡಿ ಸತ್ತ. ಫಿಕ್ರೆತ್ ಮತ್ತೆ ಬಾಗಿಲಿಗೆ ಬಂದಾಗ ಅವಳು, "ಸಂಜೆ. ಕ್ಯಾಮೆರಾ ಇಲ್ಲ," ಎಂದಷ್ಟೇ ಹೇಳಿದಳು.

ಆ ಸಂಜೆ ಅವಳು ಯಾರೂ ಕರೆಯದೆ ಸ್ಮಶಾನಕ್ಕೆ ಬಂದಳು. ಇಮಾಮರು ನೋಡಿದರು, ಬೇಡ ಎನ್ನಲಿಲ್ಲ. ಹೆಣ ಇಳಿಸುವಷ್ಟರಲ್ಲಿ ಅದೇ ಕ್ಯಾಮೆರಾದವನು ಫಿಕ್ರೆತ್‌ನ ಜೊತೆ ಗಿಡಗಳ ಸಂದಿಯಿಂದ ಬಂದು ದೀಪ ಹಾಕಿದ. ಇಡೀ ಸ್ಮಶಾನ ಬೆಳ್ಳಗಾಯಿತು.

"ಆರಿಸೋ ಅದನ್ನ!"

"ಒಂದೇ ನಿಮಿಷ ಅಕ್ಕಾ..."

ಝುಮ್ರಾ ಗುಂಡಿ ತೋಡುವವನ ಕೈಯಿಂದ ಸಲಿಕೆ ಕಿತ್ತುಕೊಂಡು ಬೀಸಿದಳು. ಮೊದಲ ಏಟಿಗೆ ದೀಪ ಹೋಯಿತು. ಎರಡನೆಯದು ಕ್ಯಾಮೆರಾವನ್ನು ಅದನ್ನು ಹಿಡಿದವನ ದವಡೆಗೆ ಅಪ್ಪಳಿಸಿತು. ಮೂಳೆ ಮುರಿದ ಸದ್ದು ನಮಗೆಲ್ಲ ಕೇಳಿಸಿತು. ಅವನು ಮಣ್ಣಿನ ರಾಶಿಯ ಮೇಲೆ ಬಿದ್ದು ನರಳತೊಡಗಿದ. ಬೆಟ್ಟದಿಂದ ಬಂದ ಗುಂಡೊಂದು ದೂರದ ಕಲ್ಲಿಗೆ ಬಡಿಯಿತು; ಆಮೇಲೆ ಬೆಟ್ಟ ಸುಮ್ಮನಾಯಿತು. ಕತ್ತಲಲ್ಲಿ ಅವರಿಗೆ ನಾವು ಕಾಣುತ್ತಿರಲಿಲ್ಲ.

"ಅವನನ್ನ ಪಕ್ಕಕ್ಕೆ ಎಳೀರಿ, ಮಣ್ಣು ಬೇಕು," ಎಂದಳು ಝುಮ್ರಾ. "ಇಮಾಮರೇ, ನೀವು ಓದಿ."